ಅಲಗಿಗೂ ಒಂದು ಊರಿದೆ

ಆಯುಧಪೂಜೆಯ ಬೆಳಿಗ್ಗೆ ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾ ಕಡೆಯ ಹಳೆಯ ಮನೆಗಳಲ್ಲಿ ಕುಡುಗೋಲು, ಕೊಡಲಿ, ಮಚ್ಚುಗಳ ಜತೆಗೆ ಅಟ್ಟದಿಂದ ಇನ್ನೊಂದು ವಸ್ತು ಇಳಿಯುವುದುಂಟು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಬಾಕು, ಒರೆ ಕಳೆದುಕೊಂಡ ಕಿರುಗತ್ತಿ, ಕೊಂಬಿನ ಹಿಡಿಯ ಬೇಟೆಚೂರಿ, ಇಲ್ಲವೇ ಯಾವುದೋ ಯುದ್ಧದ ಬಯೊನೆಟ್ಟು. ವರ್ಷವಿಡೀ ಯಾರೂ ಮುಟ್ಟದ ಅದನ್ನು ಆ ದಿನ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕುತ್ತಾರೆ; ವಿಭೂತಿ ಎಳೆದು, ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು ಕೈಮುಗಿಯುತ್ತಾರೆ. ಇಂಥ ಅಲಗುಗಳು ಗುಜರಿ ಸೇರದೆ ಇಷ್ಟು ಕಾಲ ಉಳಿದಿರುವುದೇ ಈ ಭಕ್ತಿಯಿಂದ. ಆದರೆ ಪ್ರತಿ ವರ್ಷದ ತಿಕ್ಕಾಟದಲ್ಲಿ ಕಮ್ಮಾರನ ಗುರುತು, ಕಾರ್ಖಾನೆಯ ಮುದ್ರೆ, ಇಸವಿ, ಉಕ್ಕಿನ ಮೈಮೇಲಿನ ನವಿರು ಗೆರೆ ಒಂದೊಂದಾಗಿ ಅಳಿಸಿಹೋಗುತ್ತವೆ. ಹೊಳಪು ಹೆಚ್ಚಿದಷ್ಟೂ ಅಲಗು ಮೂಕವಾಗುತ್ತದೆ.

ಮಡಚುವ ಚಾಕುವಿನ ವಿಷಯ ಇಲ್ಲಿ ಬರುವುದಿಲ್ಲ. ಅಲಗೂ ಹಿಡಿಯೂ ಒಂದೇ ಗಟ್ಟಿ ಜೋಡಣೆಯಾಗಿ ಒರೆಯಲ್ಲಿ ಕೂರುವ, ಬೇಟೆಗೋ ಸೈನ್ಯಕ್ಕೋ ಮಾಡಿದ ಹಳೆಯ ಚೂರಿಗಳನ್ನು ಕೂಡಿಡುವ ಹವ್ಯಾಸದ ಬಗ್ಗೆ ನಾನು ಬರೆಯುತ್ತಿದ್ದೇನೆ. ಜಗತ್ತಿನ ಬೇರೆ ಕಡೆ ಇದು ದುಡ್ಡಿನ ಆಟವೂ ಹೌದು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೊನಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗವೊಂದು 1.4 ಕೋಟಿ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಅದು ಖಡ್ಗದ ಮಾತು, ದೊರೆಯ ಮಾತು. ನಮ್ಮ ಗಡಿಸೀಮೆಯ ಅಟ್ಟಗಳಲ್ಲಿರುವುದು ಹೆಸರಿಲ್ಲದವರ ಚೂರಿಗಳು. ಅವುಗಳ ಬೆಲೆ ಉಕ್ಕಿನಲ್ಲೂ ಬೆಳ್ಳಿಯಲ್ಲೂ ಇಲ್ಲ. ಯಾವ ಊರಿನ ಯಾವ ಮನೆಯಿಂದ ಬಂತು ಎಂಬ ಮಾತಿನಲ್ಲಿದೆ. ಆ ಮಾತು ಕಳೆದರೆ ಉಳಿಯುವುದು ತೂಕಕ್ಕೆ ಮಾರುವ ಕಬ್ಬಿಣ. ಹಾಗಾಗಿ ಇಲ್ಲಿ ಸಂಗ್ರಹಕಾರನಿಗೆ ದುಡ್ಡಿಗಿಂತ ಮೊದಲು ಬೇಕಾದದ್ದು ಒಂದು ನೋಟ್‌ಬುಕ್ಕು.

ಊರಿನ ಗುರುತು ಇಲ್ಲಿ ಬೇರೆಡೆಗಿಂತ ಬೇಗ ಕಳೆಯುತ್ತದೆ. ಅನಂತಪುರ ಜಿಲ್ಲೆ ಎಂಬುದೇ 1882ರವರೆಗೆ ಇರಲಿಲ್ಲ. ಬಳ್ಳಾರಿಯನ್ನು ಒಡೆದು ಅದನ್ನು ಮಾಡಿದರು. ಮಡಕಶಿರಾ ಆಗಲೇ ಅನಂತಪುರಕ್ಕೆ ಹೋಯಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. 2022ರ ಏಪ್ರಿಲ್‌ನಲ್ಲಿ ಮತ್ತೆ ಗೆರೆ ಎಳೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಇದೆಲ್ಲ ರೆವಿನ್ಯೂ ಇಲಾಖೆಯ ವಿಷಯವಾಗಿ ಕಾಣಬಹುದು. ಹಳೆಯ ವಸ್ತುವಿನ ಬೆನ್ನುಹತ್ತಿದವನಿಗೆ ಮಾತ್ರ ಇದು ಬುಡದ ಪ್ರಶ್ನೆ. 1870ರ ಚೀಟಿಯಲ್ಲಿ ‘ಬಳ್ಳಾರಿ ಜಿಲ್ಲೆ’ ಎಂದಿದ್ದರೆ ಆ ಬಾಕು ಮಡಕಶಿರಾದ್ದೂ ಇರಬಹುದು. 1930ರ ಚೀಟಿಯಲ್ಲಿ ಅದೇ ಮಾತಿದ್ದರೆ ಮಡಕಶಿರಾ ಬಿಟ್ಟಿತು, ರಾಯದುರ್ಗ ಉಳಿಯಿತು. ಜಿಲ್ಲೆಯ ಹೆಸರನ್ನು ನಂಬಿ ಕೂತವನಿಗೆ ಊರು ಸಿಕ್ಕುವುದಿಲ್ಲ.

ಈ ನೆಲಕ್ಕೂ ಚೂರಿಗೂ ಇರುವ ನಂಟಿಗೆ ಅತಿ ಹಳೆಯ ಸಾಕ್ಷಿ ಕಲ್ಲಿನಲ್ಲಿದೆ. ಮಡಕಶಿರಾದ ಅಮರಾಪುರಂ ಕಡೆಯ ಹೇಮಾವತಿ, ಅಂದರೆ ಹಳೆಯ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿನ ಸಿದ್ಧೇಶ್ವರನ ಗುಡಿಗೆ ಇಂದಿಗೂ ತುಮಕೂರು ಸೀಮೆಯಿಂದ ಒಕ್ಕಲು ಹೋಗುತ್ತದೆ. ಈ ಭಾಗದ ಹಳೆಯ ಶಾಸನಗಳ ಭಾಷೆ ಕನ್ನಡ. ನೊಳಂಬರಿಗೂ ಗಂಗರಿಗೂ ನಡೆದ ಕಾಳಗವೊಂದನ್ನು 9ನೇ ಶತಮಾನದ ಕೊನೆಯ ಬೇಗೂರು ವೀರಗಲ್ಲು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸೊತ್ತು. ಅದೇ ಸಂಗ್ರಹದಲ್ಲಿ ಆತಕೂರಿನ ಕಲ್ಲೂ ಇದೆ. ಕ್ರಿ.ಶ. 949-50ರ ಆ ಕಲ್ಲಿನಲ್ಲಿ ಒಂದು ಕಡೆ ತಕ್ಕೋಲದ ಯುದ್ಧದ ಸುದ್ದಿ, ಇನ್ನೊಂದು ಕಡೆ ಕಾಳಿ ಎಂಬ ಬೇಟೆನಾಯಿ ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತ ಕಥೆ. ಯುದ್ಧವೂ ಬೇಟೆಯೂ ಒಂದೇ ಕಲ್ಲಿನ ಮೇಲೆ. ಬೇಟೆಯ ಚೂರಿ ಬೇರೆ, ಸೈನ್ಯದ ಚೂರಿ ಬೇರೆ ಎಂಬ ಇಂದಿನ ವಿಂಗಡಣೆ ಆ ಕಾಲದವರಿಗೆ ಅರ್ಥವಾಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಸೊಂಟದಲ್ಲಿ ಸಿಕ್ಕಿಸಿದ ಒಂದೇ ಬಾಕು ಎರಡಕ್ಕೂ ಸಾಕಿತ್ತು. ಹಳ್ಳಿಯ ಹೊರಗಿನ ವೀರಗಲ್ಲಿನ ಮುಂದೆ ನಿಂತಾಗ ವೀರನ ಸೊಂಟಪಟ್ಟಿಯನ್ನು ನೋಡಿ. ಬಾಕು ಇದ್ದರೆ ಹಿಡಿ ಯಾವ ಕಡೆ ಬಾಗಿದೆ, ತುದಿ ನೆಟ್ಟಗಿದೆಯೋ ಕೊಂಕಿದೆಯೋ ಎಂಬುದು ಎಷ್ಟೋ ಕಲ್ಲುಗಳಲ್ಲಿ ಇನ್ನೂ ಕಾಣುತ್ತದೆ. ಆಕಾರ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಕಲ್ಲಿನ ಮೇಲೆ ಇಷ್ಟೊಂದು ಬಾಕುಗಳಿರುವ ಸೀಮೆಯಲ್ಲಿ ಕೈಗೆ ಸಿಕ್ಕುವ ಹಳೆಯ ಬಾಕು ಯಾಕಿಷ್ಟು ಕಡಿಮೆ? ರಾಯದುರ್ಗದ ಬೆಟ್ಟದ ಮೇಲಿನ ಕೋಟೆ ವಿಜಯನಗರದ ಕಾಲದಿಂದ ಪಾಳೆಯಗಾರರ ಕೈಯಲ್ಲಿತ್ತು. ಮಡಕಶಿರಾ, ರತ್ನಗಿರಿಗಳಿಗೂ ಅವರವರ ಪಾಳೆಯಗಾರರಿದ್ದರು. ಇವರ ಕೆಳಗೆ ಕಟ್ಟುಬಡಿ ಆಳುಗಳು: ಸಂಬಳದ ಬದಲು ಭೂಮಿ ಪಡೆದು, ಕರೆ ಬಂದಾಗ ಆಯುಧ ಹಿಡಿದು ಹೊರಡುವ ಒಕ್ಕಲುಗಳು, ಬೇಡ ನಾಯಕರು ಇವರಲ್ಲಿ ಮುಖ್ಯರು. ಹೈದರ್, ಟಿಪ್ಪು ಸೈನ್ಯಗಳ ಬೆನ್ನೆಲುಬಾಗಿದ್ದವರೂ ಇವರೇ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಹಾಗೆ ಬಿಟ್ಟುಕೊಟ್ಟದ್ದರಿಂದ ದತ್ತಮಂಡಲವೆನಿಸಿದ ಈ ಸೀಮೆಯ ಮುಖ್ಯ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೊ 1807ರವರೆಗೆ ಇದ್ದ. ಸುಮಾರು ಎಂಬತ್ತು ಪಾಳೆಯಗಾರರನ್ನು ಮಣಿಸಿ, ಅವರ ಆಳುಬಲವನ್ನು ಚದುರಿಸುವುದು ಅವನ ಮೊದಲ ಕೆಲಸವಾಯಿತು. ರೈತವಾರಿ ಪದ್ಧತಿಗಾಗಿ ಮನ್ರೊನನ್ನು ಈ ಕಡೆ ಇನ್ನೂ ಪ್ರೀತಿಯಿಂದ ನೆನೆಯುತ್ತಾರೆ, ಅದು ಸರಿಯೇ. ಆದರೆ ಆಯುಧ ಹಿಡಿದ ಒಕ್ಕಲಿನ ಕೈಗೆ ನೇಗಿಲೊಂದೇ ಉಳಿದದ್ದೂ ಆ ಏಳು ವರ್ಷಗಳಲ್ಲೇ.

ಎರಡನೆಯ ಹೊಡೆತ 1857ರ ನಿರಾಯುಧೀಕರಣ ಕಾನೂನು. ಅದನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಕಥೆಯನ್ನು ಲಾವಣಿಯಾಗಿ ಕೇಳಿ ಬೆಳೆದ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. 1878ರ ಆಯುಧ ಕಾಯ್ದೆಯಂತೂ ಬಂದೂಕಿನ ಜತೆಗೆ ಬಯೊನೆಟ್ಟು, ಕತ್ತಿ, ಬಾಕು, ಈಟಿ, ಬಿಲ್ಲುಬಾಣವನ್ನೂ ಹೆಸರಿಸಿ ಆಯುಧವೆಂದು ಕರೆಯಿತು. ಹೆದರಿದವರು ಬಾವಿಗೆ ಹಾಕಿದರು, ಕಮ್ಮಾರನಿಗೆ ಕೊಟ್ಟು ಕುಡುಗೋಲು ಬಡಿಸಿಕೊಂಡರು. ಅರಮನೆಗಳ ಗತಿಯೂ ಅಷ್ಟೇ. 1860ರ ದಶಕದಲ್ಲಿ ತಂಜಾವೂರು ಅರಮನೆಯ ಆಯುಧಶಾಲೆಯಿಂದ ಕೆಲವನ್ನು ಆರಿಸಿ ಮದ್ರಾಸ್ ಮ್ಯೂಸಿಯಮ್ಮಿಗೆ ತೆಗೆದುಕೊಂಡು, ಮಿಕ್ಕ ರಾಶಿಯನ್ನು ಮುರಿದು ಕಬ್ಬಿಣದ ಬೆಲೆಗೆ ಮಾರಿದರು. ದಕ್ಷಿಣದ ಕಠಾರಿಗಳ ಅಪೂರ್ವ ಮಾದರಿಗಳು ಹಾಗೆ ಕುಲುಮೆಗೆ ಹೋದವು. ಉಳಿದ ಹಿಡಿಯಷ್ಟು ಕಠಾರಿಗಳನ್ನು ರಾಬರ್ಟ್ ಎಲ್‌ಗುಡ್ 2004ರ ತಮ್ಮ ಪುಸ್ತಕದಲ್ಲಿ ಒಂದೊಂದಾಗಿ ವಿವರಿಸಿದ್ದಾರೆ. ಅದನ್ನು ಓದುವಾಗ ಹೋದದ್ದೆಷ್ಟು ಎಂಬ ಸಂಕಟ ಪುಟಪುಟಕ್ಕೂ ಕಾಡುತ್ತದೆ.

ಕೊಡಗು ಇದಕ್ಕೆ ತಿರುಗುಮುರುಗು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿರಾಯುಧೀಕರಣದಿಂದ ಹೊರಗಿಟ್ಟ. ಆ ವಿನಾಯಿತಿ ರೂಪ ಬದಲಿಸುತ್ತ ಇಂದಿನವರೆಗೂ ಬಂದಿದೆ; 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪರಿಣಾಮ ಕಣ್ಣಮುಂದೆ ಇದೆ. ಕುಪ್ಪಸದ ಮೇಲೆ ಚೇಲೆ ಎಂಬ ನಡುಪಟ್ಟಿ ಬಿಗಿದು ಮುಂದೆ ಸಿಕ್ಕಿಸುವ ಪೀಚೆಕತ್ತಿ, ಬೆನ್ನಿಗೆ ತೋಡಂಗ್ ಎಂಬ ಹಿತ್ತಾಳೆಯ ಕೊಕ್ಕೆಯಲ್ಲಿ ತೂಗುವ ಅಗಲ ಅಲಗಿನ ಒಡಿಕತ್ತಿ ಎರಡೂ ಅಲ್ಲಿ ಮನೆತನದ ವಸ್ತುವಾಗಿ ಉಳಿದವು. ಪೀಚೆಕತ್ತಿಯ ಬೆಳ್ಳಿಯ ಒರೆ, ಗಿಳಿಯ ತಲೆಯಂಥ ಹಿಡಿಯ ತುದಿ, ಸರಪಣಿಗೆ ಜೋತುಬಿದ್ದ ಚಿಮುಟ, ಕಿವಿಗುಗ್ಗೆ ಕಡ್ಡಿ ನೋಡಿದರೆ ಒಡೆಯ ಅದನ್ನು ದಿನವೂ ಬಳಸುತ್ತಿದ್ದ ಎಂಬುದು ತಿಳಿಯುತ್ತದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಅವನ್ನು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿಟ್ಟು ತೋಕ್‌ಪೂ ಎಂಬ ಹೂ ಏರಿಸುತ್ತಾರೆ. ಯಾವ ಒಕ್ಕದ, ಅಂದರೆ ಮನೆತನದ, ಕತ್ತಿ, ಯಾರಿಂದ ಯಾರಿಗೆ ಬಂತು ಎಂದು ಹೇಳುವ ಬಾಯಿಗಳು ಕೊಡಗಿನಲ್ಲಿ ಇನ್ನೂ ಇವೆ. ದತ್ತಮಂಡಲದಲ್ಲಿ ಅದೇ ತಂತು ಕಡಿದಿದೆ. ಕನ್ನಡ ಸೀಮೆಯ ಚೂರಿಯೆಂದರೆ ಲಂಡನ್ನಿನ ಹರಾಜು ಪಟ್ಟಿಯಲ್ಲೂ ಕೊಡಗಿನದೇ ಕಾಣುವುದಕ್ಕೆ ಬಯಲುಸೀಮೆಯ ಕಮ್ಮಾರನ ಕೈ ಸೋತದ್ದು ಕಾರಣವಲ್ಲ. ಕಾನೂನು ಒಂದು ಕಡೆ ಬಿಟ್ಟಿತು, ಇನ್ನೊಂದು ಕಡೆ ಕಿತ್ತುಕೊಂಡಿತು.

ಕೈ ಸೋತಿರಲಿಲ್ಲ ಎಂಬುದಕ್ಕೆ ಫ್ರಾನ್ಸಿಸ್ ಬುಕಾನನ್ ಸಾಕ್ಷಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಅವನು ಮೈಸೂರು ಸೀಮೆಯನ್ನು ಸುತ್ತುತ್ತ ಮಡಕಶಿರಾದ ಮಗ್ಗುಲಲ್ಲೇ ಇರುವ ಸಿರಾ, ಮಧುಗಿರಿಗಳಿಗೆ ಬಂದ. ಮಧುಗಿರಿ, ಚನ್ನರಾಯನದುರ್ಗ ಸುತ್ತಮುತ್ತ ಮಳೆಗಾಲದಲ್ಲಿ ಹಳ್ಳಗಳು ಹೊತ್ತು ತರುವ ಕರಿಮರಳನ್ನು ತೊಳೆದು, ಇದ್ದಿಲಿನ ಕುಲುಮೆಯಲ್ಲಿ ಕಬ್ಬಿಣ ಇಳಿಸುತ್ತಿದ್ದದ್ದನ್ನು ವಿವರವಾಗಿ ಬರೆದಿಟ್ಟ. ಅವನ ಪ್ರವಾಸಕಥನ ಅಚ್ಚಾದದ್ದು 1807ರಲ್ಲಿ. ಉಕ್ಕು ಮಾಡುವ ವಿಧಾನ ಇನ್ನೂ ನಾಜೂಕಿನದು. ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರೊಂದಿಗೆ ತಂಗಡಿಯ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಮೂಸೆಗಳನ್ನು ಕಮಾನಿನಂತೆ ಪೇರಿಸಿ, ಗಂಟೆಗಟ್ಟಲೆ ತಿದಿ ಒತ್ತಬೇಕು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿದು, ಕರಗಿ, ನಿಧಾನ ತಣಿದು, ಮೂಸೆ ಒಡೆದರೆ ತಳದಲ್ಲಿ ಉಕ್ಕಿನ ಗಟ್ಟಿ. ಇದರಿಂದ ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿ ಆಗುತ್ತಿದ್ದವು.

ಇಂಗ್ಲೆಂಡಿನಲ್ಲಿ ಜಾರ್ಜ್ ಪಿಯರ್‌ಸನ್ 1795ರಲ್ಲೇ ಈ ಉಕ್ಕಿನ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ್ದ. ಮೈಕೆಲ್ ಫ್ಯಾರಡೆ ವಿದ್ಯುತ್ತಿನ ಕೆಲಸಕ್ಕೆ ಹೆಸರಾಗುವ ಮೊದಲು ಕೆಲವು ವರ್ಷ ಇದರ ಗುಟ್ಟು ಹುಡುಕುತ್ತ ಕಳೆದ. ಅಲಗಿನ ಮೇಲೆ ನೀರಲೆಯಂಥ ಗೆರೆ ಮೂಡುವುದಕ್ಕೆ ವನೇಡಿಯಂನಂಥ ಧಾತುಗಳ ಲೇಶವೂ ಕಾರಣವೆಂದು ಅಮೆರಿಕದ ವೆರ್‌ಹೋವನ್ ಮತ್ತು ಪೆಂಡ್ರೆ 1998ರಲ್ಲಿ ತೋರಿಸಿದರು. ಅಂದರೆ ಎಲ್ಲ ಊರಿನ ಅದಿರಿನಿಂದಲೂ ಆ ಗೆರೆ ಬರುವುದಿಲ್ಲ. ಅದಿರು ಬದಲಾದರೆ ಗೆರೆಯೂ ಹೋಗುತ್ತದೆ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಅಟ್ಟದ ಬಾಕುವಿನ ಉಕ್ಕು ಮಧುಗಿರಿಯದೋ ಅಲ್ಲವೋ ಎಂದು ಹೇಳಬಲ್ಲ ಸಾಕ್ಷಿ ಆ ಅಲಗಿನ ಮೈಯಲ್ಲೇ ಇದೆ. ಅದನ್ನೇ ನಾವು ಇಟ್ಟಿಗೆಪುಡಿಯಿಂದ ಉಜ್ಜುತ್ತಿದ್ದೇವೆ.

ತಂಗಡಿಯ ವಿಷಯ ಇನ್ನೊಂದಿದೆ. ರಾಯದುರ್ಗದ ದಾರಿಯಲ್ಲಿ, ಮಡಕಶಿರಾದ ಬೀಳುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಈ ಗಿಡದ ತೊಗಟೆಯಿಂದಲೇ ದಕ್ಷಿಣದಲ್ಲಿ ತೊಗಲು ಹದ ಮಾಡುತ್ತಿದ್ದರು. ಅಲಗನ್ನು ಹುಟ್ಟಿಸಿದ ಗಿಡವೇ ಒರೆಯನ್ನೂ ಕೊಟ್ಟಿತು. ಸಂಗ್ರಹಕಾರ ಎಚ್ಚರ ತಪ್ಪಿದರೆ ಅದೇ ಅಲಗನ್ನು ತಿನ್ನುತ್ತದೆ ಕೂಡ. ಹದ ಮಾಡಿದ ತೊಗಲಿನಲ್ಲಿ ಉಳಿದ ಆಮ್ಲ, ಉಪ್ಪು ಗಾಳಿಯ ತೇವವನ್ನು ಎಳೆದು ಉಕ್ಕಿಗೆ ಚುಕ್ಕಿಚುಕ್ಕಿ ತುಕ್ಕು ಹಿಡಿಸುತ್ತವೆ. ಚೂರಿಯನ್ನು ಒರೆಯಲ್ಲಿಟ್ಟು ಕಾಪಾಡುತ್ತೇವೆಂದುಕೊಳ್ಳುವುದು ತಪ್ಪು. ಒರೆ ಬೇರೆ, ಅಲಗು ಬೇರೆ ಇಡಬೇಕು, ಎರಡಕ್ಕೂ ಒಂದೇ ಚೀಟಿ ಕಟ್ಟಬೇಕು.

ಬ್ರಿಟಿಷರ ಕಾಲದ ಬೇಟೆಚೂರಿಗಳ ಕಥೆಯೇ ಬೇರೆ. ಕಲೆಕ್ಟರು, ರೈಲ್ವೆ ಎಂಜಿನಿಯರು, ಪ್ಲಾಂಟರುಗಳು ಶೆಫೀಲ್ಡಿನ ಚೂರಿ ತರುತ್ತಿದ್ದರು: ನಕ್ಷತ್ರ ಮತ್ತು ಶಿಲುಬೆಯ ಗುರುತಿನ ಜೋಸೆಫ್ ರಾಜರ್ಸ್, ಐಎಕ್ಸ್‌ಎಲ್ ಮುದ್ರೆಯ ವೋಸ್ಟೆನ್‌ಹೋಮ್. ಮುದ್ರೆಯಲ್ಲಿ ಕಿರೀಟದ ಎರಡು ಬದಿ ವಿ ಮತ್ತು ಆರ್ ಇದ್ದರೆ ಸಾಮಾನ್ಯವಾಗಿ 1901ಕ್ಕೆ ಮೊದಲಿನದು. ದೇಶದ ಹೆಸರು ಕೊರೆಯುವ ರೂಢಿ ಬಲವಾದದ್ದು 1890ರ ಅಮೆರಿಕದ ಸುಂಕದ ಕಾನೂನಿನ ನಂತರ. ಆದ್ದರಿಂದ ‘ಇಂಗ್ಲೆಂಡ್’ ಎಂದಿರುವ ಅಲಗನ್ನು ಅದಕ್ಕಿಂತ ಹಳೆಯದೆಂದು ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಬೇಕು. ಆದರೆ ಬಲ್ಲ ಶಿಕಾರಿಗಳು ಮೆಚ್ಚಿದ್ದು ನಮ್ಮ ಕಡೆಯ ಕೈಯನ್ನೇ. ಸೇಲಂನ ಅರುಣಾಚಲಂ ಎಂಬ ಕಮ್ಮಾರನ ಬೇಟೆಚೂರಿ, ಹಂದಿಬೇಟೆಯ ಈಟಿಗಳಿಗೆ 19ನೇ ಶತಮಾನದಲ್ಲಿ ದೇಶವಿಡೀ ಬೇಡಿಕೆ ಇತ್ತು. ಅಲಗಿನ ಬುಡದಲ್ಲಿ ಅವನ ಹೆಸರು ಇಂಗ್ಲಿಷ್ ಲಿಪಿಯಲ್ಲಿ, ಆ ಕಾಲದ ಕಾಗುಣಿತದಲ್ಲಿ ಇರುತ್ತದೆ. ಔರಂಗಾಬಾದಿನ ಬೋಧರಾಜನ ಮುದ್ರೆಗೂ ಅಷ್ಟೇ ಮಾನ. ಇಂದು ಈ ಇಬ್ಬರ ಚೂರಿಗಳಿಗಾಗಿ ಇಂಗ್ಲೆಂಡಿನ ಸಂಗ್ರಹಕಾರರು ಪೈಪೋಟಿ ನಡೆಸುತ್ತಾರೆ. ಮಾದರಿ ವಿಲಾಯತಿಯದು, ಮಾಡಿದ ಕೈ ನಮ್ಮದು. ಕಮ್ಮಾರನೊಬ್ಬ ತನ್ನ ಹೆಸರನ್ನು ಉಕ್ಕಿನಲ್ಲಿ ಒತ್ತಿ ಜಗತ್ತಿಗೆ ಕಳಿಸಿದ್ದು ನನಗೆ ಟಿಪ್ಪುವಿನ ಖಡ್ಗದ ಬೆಲೆಗಿಂತ ದೊಡ್ಡ ಸುದ್ದಿ.

ಇಂಥ ಚೂರಿಯ ಹಿಡಿ ನೋಡುವಾಗ ಭೂತಗನ್ನಡಿ ಬೇಕೇ ಬೇಕು. ಸಾಂಬಾರ ಕೊಂಬಾದರೆ ಹೊರಮೈ ಗಂಟುಗಂಟು, ಕೊಯ್ದ ಕಡೆ ಒಳಗೆ ಜಾಲಂದರದ ತಿರುಳು. ಎಮ್ಮೆಕೊಂಬು ಕಪ್ಪಗೆ, ನಯವಾಗಿ, ಪದರ ಬಿಡುವಂಥದ್ದು. ಮೂಳೆಯಲ್ಲಿ ಸೂಜಿಮೊನೆಯ ಕರಿಗೆರೆಗಳು. ಆನೆದಂತದಲ್ಲಿ ಒಂದನ್ನೊಂದು ಕತ್ತರಿಸುವ ಬಲೆಯಂಥ ಗೆರೆ. ಇದನ್ನು ಕಲಿಯಬೇಕಾದದ್ದು ಬೆಲೆ ಕಟ್ಟುವುದಕ್ಕಷ್ಟೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಪ್ರಾಣಿಯ ಕೊಂಬು, ದಂತ ಎರಡೂ ಬರುತ್ತವೆ. ಅಜ್ಜನ ಕಾಲದ್ದು ಎಂಬ ಒಂದೇ ಮಾತಿನಿಂದ ಅದನ್ನು ಮಾರಲು, ಕೊಳ್ಳಲು ಆಗದು. ಅದೇ ಕಾಯ್ದೆ ಬೇಟೆಯನ್ನೂ ನಿಲ್ಲಿಸಿತು, ನಿಲ್ಲಿಸಿದ್ದು ಒಳ್ಳೆಯದಾಯಿತು. ಮಡಕಶಿರಾ, ಕಲ್ಯಾಣದುರ್ಗದ ಗುಡ್ಡಗಳಲ್ಲಿ ಕರಡಿ ಇನ್ನೂ ಇದೆ. ಬೇಟೆಚೂರಿ ಪ್ರೀತಿಸುವವನು ಬೇಟೆಯನ್ನೂ ಪ್ರೀತಿಸಬೇಕೆಂಬ ನಿಯಮವಿಲ್ಲ.

ಸೈನ್ಯದ ಅಲಗುಗಳಲ್ಲಿ ನಮ್ಮ ಕಡೆ ಹೆಚ್ಚಾಗಿ ಸಿಕ್ಕುವುದು 1907ರ ಮಾದರಿಯ ಬಯೊನೆಟ್ಟು. ಬ್ರಿಟಿಷ್ ಸೈನ್ಯದ ಬಂದೂಕು ಗಿಡ್ಡವಾದಾಗ ಎದುರಾಳಿಗೆ ಎಟುಕುವ ಉದ್ದ ತಪ್ಪಬಾರದೆಂದು ಬಯೊನೆಟ್ಟನ್ನು ಉದ್ದ ಮಾಡಿದರು; ಅಲಗೇ 17 ಇಂಚು. ಬುಡದ ಒಂದು ಬದಿಯಲ್ಲಿ ಕಿರೀಟ, ದೊರೆಯ ಅಕ್ಷರ, 1907 ಎಂಬ ಅಂಕಿ, ಅದರ ಕೆಳಗೆ ತಯಾರಾದ ತಿಂಗಳು, ವರ್ಷ, ಕಾರ್ಖಾನೆ. ಅಲ್ಲಿನ 1907 ಮಾದರಿಯ ಹೆಸರು, ಹುಟ್ಟಿದ ವರ್ಷವಲ್ಲ. ಹೊಸಬರು ಮೊದಲು ತಪ್ಪುವುದು ಇಲ್ಲೇ. ಇನ್ನೊಂದು ಬದಿಯಲ್ಲಿ ಅಗಲ ಬಾಣದ ಗುರುತು, ಅಲಗನ್ನು ಬಾಗಿಸಿ ಪರೀಕ್ಷಿಸಿದ್ದಕ್ಕೆ ಒಂದು ಕತ್ತರಿಗುರುತು. ಭಾರತದಲ್ಲಿ ಮಾಡಿದ್ದಾದರೆ ಜಿಆರ್‌ಐ ಎಂಬ ಅಕ್ಷರಗಳು, ಬಂಗಾಳದ ಇಷಾಪುರ ಕಾರ್ಖಾನೆಯ ಆರ್‌ಎಫ್‌ಐ. ಎರಡನೆಯ ಮಹಾಯುದ್ಧದಲ್ಲಿ ಕಾಡಿನ ಕಾಳಗಕ್ಕೆ ಅಷ್ಟುದ್ದ ಅಡ್ಡಿಯೆಂದು ಭಾರತದಲ್ಲಿ ಅಲಗನ್ನು 12 ಇಂಚಿಗೆ ಇಳಿಸಿದರು. ಆ ಗಿಡ್ಡ ಬಯೊನೆಟ್ಟು ನಮ್ಮ ನೆಲದ್ದೇ ಮಾದರಿ, ಅದಕ್ಕೆ ಸಿಕ್ಕಬೇಕಾದ ಗಮನ ಇನ್ನೂ ಸಿಕ್ಕಿಲ್ಲ. ಒಂದನ್ನೊಂದು ಮೂತಿ ತಾಗಿಸಿದ ಎರಡು ಬಾಣಗಳಿದ್ದರೆ ಸರ್ಕಾರ ಅದನ್ನು ಸೇವೆಯಿಂದ ತೆಗೆದು ಮಾರಿತೆಂದು ಅರ್ಥ. ಆ ಪುಟ್ಟ ಗುರುತು ಒಡೆಯನಿಗೆ ನೆಮ್ಮದಿ ಕೊಡುತ್ತದೆ.

ಅಲಗಿನ ಉದ್ದಕ್ಕೆ ಕೊರೆದ ಕಾಲುವೆಯನ್ನು ರಕ್ತ ಹರಿಯಲೆಂದು ಮಾಡಿದ್ದು ಎಂದು ಬಾಯಿಬಾಯಿಗೆ ಹೇಳುತ್ತಾರೆ. ಅದು ತೂಕ ಇಳಿಸಿ ಬಿಗಿ ಉಳಿಸುವ ಕಮ್ಮಾರನ ಜಾಣ್ಮೆ, ಅಷ್ಟೇ. ಶಾಂಘೈ ಪೊಲೀಸಿನಲ್ಲಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ ರೂಪಿಸಿ 1941ರಲ್ಲಿ ವಿಲ್ಕಿನ್‌ಸನ್ ಕಂಪನಿ ತಯಾರಿಸಿದ ಕಮಾಂಡೊ ಚೂರಿ, ಅಮೆರಿಕದ ನೌಕಾದಳ ಯೋಧರ ಕಾ-ಬಾರ್ ಎಂಬಂಥ ಜಗತ್ಪ್ರಸಿದ್ಧ ಹೆಸರುಗಳು ನಮ್ಮ ಗುಜರಿಗಳಲ್ಲೂ ಕೇಳಿಬರುತ್ತವೆ. ಬಹುಪಾಲು ನಕಲು. ಉತ್ತರದ ಕಾರ್ಖಾನೆಗಳಲ್ಲಿ ಈಗಲೂ ಹೊಸ ‘ಪುರಾತನ’ ಕಠಾರಿಗಳು ತಯಾರಾಗುತ್ತವೆ. ಆಮ್ಲದಿಂದ ನೀರಲೆಯ ಗೆರೆ ಬರೆಯುತ್ತಾರೆ, ಉಪ್ಪುನೀರಿನಲ್ಲಿ ತುಕ್ಕು ಹಿಡಿಸುತ್ತಾರೆ. ಹಳೆಯ ತುಕ್ಕು ಕಡುಕಂದು, ಬಿಗಿ, ಒಂದೇ ಸಮ. ಹೊಸ ತುಕ್ಕು ಕಿತ್ತಳೆ, ಬೆರಳಿಗೆ ಅಂಟುತ್ತದೆ. ನಿಜವಾದ ಗೆರೆ ಅಲಗಿನ ಬೆನ್ನಿನ ಮೇಲೂ ಹರಿಯುತ್ತದೆ, ಬರೆದ ಗೆರೆ ಅಂಚಿಗೆ ಬಂದು ನಿಲ್ಲುತ್ತದೆ. ಹಿಡಿ ಸವೆದಿದ್ದರೆ ಬೆರಳು ಕೂರುವಲ್ಲೇ ಸವೆದಿರಬೇಕು. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಕಡೆಯ ಭಾನುವಾರದ ಸಂತೆಯಲ್ಲಿ ಕೊಳ್ಳುವ ಉತ್ಸಾಹಿಗಳು ಇಷ್ಟನ್ನಾದರೂ ಕಲಿತು ಹೋಗುವುದು ಒಳ್ಳೆಯದು.

ಕಾನೂನಿನ ಮಾತನ್ನು ನೇರವಾಗಿ ಹೇಳಿಬಿಡಬೇಕು. 1959ರ ಆಯುಧ ಕಾಯ್ದೆಯ ಕೆಳಗೆ ಬಂದ 2016ರ ನಿಯಮಗಳಲ್ಲಿ ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಿರುವ ಕತ್ತಿ, ಬಾಕು, ಬಯೊನೆಟ್ಟು, ಚೂರಿಗಳು ಆಯುಧಗಳ ಪಟ್ಟಿಯಲ್ಲಿವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದವಕ್ಕೆ ಮಾತ್ರ ವಿನಾಯಿತಿ. ಇವನ್ನು ತಯಾರಿಸಲು, ಮಾರಲು ಪರವಾನಗಿ ಬೇಕು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಟ್ಟುಕೊಳ್ಳುವುದಕ್ಕೂ ಬೇಕು. ಮಡಕಶಿರಾದಿಂದ ಮಧುಗಿರಿಗೆ, ರಾಯದುರ್ಗದಿಂದ ಬಳ್ಳಾರಿಗೆ ಹೋಗುವುದೆಂದರೆ ರಾಜ್ಯ ದಾಟುವುದು. ಎರಡೂ ಕಡೆಯ ಸ್ಥಿತಿಯನ್ನು ಮೊದಲೇ ವಿಚಾರಿಸಿಕೊಳ್ಳದೆ ಬಯೊನೆಟ್ಟನ್ನು ಚೀಲದಲ್ಲಿಟ್ಟು ಬಸ್ಸು ಹತ್ತಬಾರದು. ಅಲಗು ನೂರು ವರ್ಷ ದಾಟಿದ್ದರೆ 1972ರ ಪುರಾವಸ್ತು ಕಾಯ್ದೆ ಬರುತ್ತದೆ: ಅದನ್ನು ಖಾಸಗಿಯಾಗಿ ದೇಶದಾಚೆ ಕಳಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. 1917ರ ಬಯೊನೆಟ್ಟೂ ಈಗ ಪುರಾವಸ್ತುವೇ. ಮನೆಯಲ್ಲಿ ಇಂಥದ್ದು ಸಿಕ್ಕಿ ಗಾಬರಿಯಾದವರು ಅದನ್ನು ರಾತ್ರೋರಾತ್ರಿ ಕೆರೆಗೆ ಎಸೆಯಬಾರದೆಂಬುದು ನನ್ನ ಕಳಕಳಿ. ತಿಳಿದವರ ಜತೆ ಹೋಗಿ ಅಧಿಕಾರಿಗಳಿಗೆ ತೋರಿಸಿದರೆ ದಾರಿ ಇದ್ದೇ ಇರುತ್ತದೆ. ಮ್ಯೂಸಿಯಮ್ಮಿಗೆ ಕೊಡುವ ದಾರಿಯಂತೂ ಎಂದೂ ಮುಚ್ಚಿಲ್ಲ.

ಕಾಪಾಡುವುದು ಕಷ್ಟವಲ್ಲ, ಈ ಸೀಮೆಯಲ್ಲಂತೂ ಸುಲಭ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಅನಂತಪುರದ ಒಣಹವೆ ರೈತನಿಗೆ ಶಾಪ. ಹಳೆಯ ಉಕ್ಕಿಗೆ ಮಾತ್ರ ರಕ್ಷೆ. ಕರಾವಳಿಯಲ್ಲಿ ಎರಡೇ ವರ್ಷದಲ್ಲಿ ಕೊರೆದುಹೋಗುವ ಅಲಗು ಇಲ್ಲಿ ತಲೆಮಾರುಗಳ ಕಾಲ ಉಳಿಯುತ್ತದೆ. ಒಣಹವೆಗೆ ಕೊಂಬಿನ, ಮರದ ಹಿಡಿ ಬಿರಿಯುತ್ತದೆ, ಅದಕ್ಕಷ್ಟೇ ಗಮನ ಬೇಕು. ಬರಿಗೈಯಲ್ಲಿ ಅಲಗು ಮುಟ್ಟಬಾರದು. ಬೆವರಿನ ಉಪ್ಪು ಬೆರಳಚ್ಚನ್ನೇ ತುಕ್ಕಾಗಿ ಕೆತ್ತುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಹೊಲಿಗೆಯಂತ್ರದ ಎಣ್ಣೆ ತೆಳುವಾಗಿ ಸವರಿದರೆ ಸಾಕು. ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಯೋಗಾಲಯ ರೂಪಿಸಿದ ಮೇಣ ಸಿಕ್ಕರೆ ಇನ್ನೂ ಒಳ್ಳೆಯದು. ಉಪ್ಪುಕಾಗದ, ಹುಣಸೆ, ನಿಂಬೆರಸ, ಸಾಣೆ ಯಾವುದೂ ಬೇಡ. ಪೂಜೆಗೆ ವಿಭೂತಿ ಕುಂಕುಮ ಇಡಬಾರದೆಂದು ಯಾರಿಗೂ ಹೇಳಲಾರೆ, ಹೇಳುವುದೂ ಇಲ್ಲ. ಹಿಡಿಗೆ ಇಡಿ, ಒರೆಗೆ ಇಡಿ, ಅಲಗನ್ನು ಬಿಟ್ಟುಬಿಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಬರೆದಿಡುವ ವಿದ್ಯೆಗೆ ಗುರುವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಇದೇ ಬಳ್ಳಾರಿ ಸೀಮೆಯಲ್ಲಿ ತಿರುಗಿ ಕಲ್ಲಿನ ಕೊಡಲಿ, ಕಲ್ಲಿನ ಅಲಗುಗಳನ್ನು ಆರಿಸಿದ. ರಾಯದುರ್ಗವೂ ಆಗ ಆ ಜಿಲ್ಲೆಯಲ್ಲೇ ಇತ್ತು. 1904ರಲ್ಲಿ ಮದ್ರಾಸ್ ಮ್ಯೂಸಿಯಂ ಅವನ ಸಂಗ್ರಹವನ್ನು ಕೊಂಡಿತು. ಅವನು 1912ರಲ್ಲಿ ತೀರಿಕೊಂಡ ಮೇಲೆ, 1914ರಲ್ಲಿ, ಅದರ ವಿವರಪಟ್ಟಿ ಅಚ್ಚಾಯಿತು. ಸಿಕ್ಕ ಜಾಗ, ಕಲ್ಲಿನ ಜಾತಿ, ಆಕಾರ ಎಲ್ಲವನ್ನೂ ನಮೂದಿಸಿದ ಆ ಪಟ್ಟಿಯಿಂದಾಗಿಯೇ ನೂರು ವರ್ಷದ ನಂತರವೂ ಸಂಶೋಧಕರು ಅವನು ನಡೆದ ಜಾಗಗಳಿಗೆ ಮತ್ತೆ ಹೋಗಬಲ್ಲರು. ಬಳ್ಳಾರಿಯ ಮ್ಯೂಸಿಯಂ ಇಂದು ಅವನ ಹೆಸರು ಹೊತ್ತಿದೆ. ಕಲ್ಲಿನ ಅಲಗಿಗೆ ಸಿಕ್ಕ ಈ ಗೌರವ ಉಕ್ಕಿನ ಅಲಗಿಗೆ ಇಲ್ಲಿ ಸಿಕ್ಕಿಲ್ಲ.

ಸಿಗಬೇಕಾದರೆ ಬರೆಯಬೇಕಾದದ್ದು ಇಷ್ಟು. ಒಟ್ಟು ಉದ್ದ, ಅಲಗಿನ ಉದ್ದ, ಬುಡದಲ್ಲಿ ಬೆನ್ನಿನ ದಪ್ಪ, ತೂಕ. ಹಿಡಿ ಯಾವುದರದು, ಅಲಗಿನ ಬಾಲ ಹಿಡಿಯ ತುದಿಯವರೆಗೂ ಹೋಗಿದೆಯೋ ನಡುವೆ ನಿಂತಿದೆಯೋ. ಮುದ್ರೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚು. ಅಳತೆಪಟ್ಟಿ ಪಕ್ಕಕ್ಕಿಟ್ಟು ಎರಡೂ ಬದಿಯ ಫೋಟೊ. ಹಳ್ಳಿಯ ಹೆಸರು, ಅದು ಆಗ ಯಾವ ತಾಲ್ಲೂಕು, ಯಾವ ಜಿಲ್ಲೆಯಲ್ಲಿತ್ತು ಎಂಬುದು. ಕೊನೆಗೆ, ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ, ಯಾರು ತಂದರೆನ್ನುತ್ತಾರೆ ಎಂಬುದನ್ನು ಅವರದೇ ಮಾತಿನಲ್ಲಿ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಂ ಕಡೆ ಆ ಮಾತು ಹೆಚ್ಚಾಗಿ ಕನ್ನಡದಲ್ಲಿರುತ್ತದೆ, ರಾಯದುರ್ಗದ ಕಡೆ ಎಷ್ಟೋ ಸಲ ಕನ್ನಡ ತೆಲುಗು ಬೆರೆತಿರುತ್ತದೆ. ತಿದ್ದದೆ ಹಾಗೆಯೇ ಬರೆದುಕೊಳ್ಳಬೇಕು. ಹಳೆಯ ಮನೆಗಳನ್ನು ಕೆಡವಿ ತಾರಸಿ ಹಾಕಿಸುವ ಕೆಲಸ ಎಲ್ಲ ಊರಲ್ಲೂ ನಡೆದಿದೆ, ಅಟ್ಟದ ಸಾಮಾನು ಮೊದಲು ಹೋಗುವುದು ಗುಜರಿಯವನ ತಕ್ಕಡಿಗೆ. ನೋಟ್‌ಬುಕ್ಕು ಹಿಡಿದವರು ಅವನಿಗಿಂತ ಮೊದಲು ಆ ಮನೆಯ ಬಾಗಿಲು ತಟ್ಟಬೇಕು.